ಹಿಂದೆ ಸರಿಯುವ ಹಡಗುಗಳು

ಮಕ್ಕಳೇ, ಮೊನ್ನೆ ನಿಮ್ಮ ಲ್ಯಾಪ್‌ಟಾಪ್ ಕಾದು, ಒಳಗಿನ ಧೂಳು ಬಿಸಿಯಾದ ವಾಸನೆ ಬಂತಲ್ಲ, ಆಗ ನನಗೆ ವಡೋದರದ ನಮ್ಮ ಹಳೆಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ನೆನಪಾದಳು. ನಮ್ಮ ಧಾರವಾಡದ ಕಡೆಯವಳು, ಅದೇ ಊರಿನ ಮಕರಪುರದಲ್ಲಿ ಕೆಲಸ. ಭಾನುವಾರ ರೊಟ್ಟಿ ಊಟಕ್ಕೆ ಇಳಿದು ಬರುವಾಗ ಲ್ಯಾಪ್‌ಟಾಪನ್ನೂ ಬಗಲಲ್ಲಿ ಹಿಡಿದುಕೊಂಡೇ ಬರುತ್ತಿದ್ದಳು...

ಆ ವರ್ಷ ನಿಮ್ಮ ಅಜ್ಜನಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದೆವು. ಇನ್ನು ಕಾರ್ಖಾನೆಯ ಕೆಲಸ ಬೇಡ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಇವರು ಕೇಳಬೇಕಲ್ಲ! ಕೆಟ್ಟ ಮಷೀನು ಮತ್ತೆ ಓಡುವ ತನಕ, ಪಾಳಿ ಮುಗಿದರೂ ಮನೆಗೆ ಬಾರದ ಫೋರ್‌ಮನ್ ಅವರು. ಸೋಮವಾರದಿಂದಲೇ ಹೋಗುವುದೆಂದು ಬೂಟಿಗೆ ಪಾಲಿಶ್ ಹಾಕಿಟ್ಟಿದ್ದರು. ಎದುರು ಮಾತಾಡಲು ನನಗೆ ಬಾಯಿ ಬರುತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲಿನ ರಜೆಯಲ್ಲಿ ಹೊತ್ತು ಹೋಗಲೆಂದು ಆ ಹುಡುಗಿ ಅವರಿಗೆ ಆಕಾಶಯುದ್ಧದ ಆಟವೊಂದನ್ನು ಕಲಿಸಿದ್ದಳು. ಇವರದು ನೀಲಿ ಹಡಗುಗಳು, ಕಂಪ್ಯೂಟರಿನದು ಕೆಂಪು. ಸೋಲುವ ಸುಳಿವು ಸಿಕ್ಕ ಕೂಡಲೇ ಕೆಂಪು ಹಡಗುಗಳು ಕಾದಾಟ ಬಿಟ್ಟು ತಮ್ಮ ಗ್ರಹದ ಕಡೆ ತಿರುಗಿಬಿಡುತ್ತಿದ್ದವು.

“ಹೇಡಿ! ಓಡಿಹೋತು ನೋಡು,” ಎಂದು ರಜೆಯ ಕೊನೆಯ ಭಾನುವಾರ ಇವರು ತೊಡೆ ತಟ್ಟಿದರು.

“ಹೇಡಿ ಅಲ್ರೀ ಅಜ್ಜಾರ, ಶಾಣ್ಯಾ ಐತಿ ಅದು. ಬಲ ಕಡಿಮಿ ಆತಂದ್ರ ಉಳಿದದ್ದನ್ನ ಉಳಿಸ್ಕೊಂತೈತಿ. ರಿಪೇರಿ ಮಾಡ್ಕೊಂಡು ಮತ್ತ ಬರ್ತೈತಿ. ನಿಮಗೂ ಹಿಂದ ಸರಿಯೋ ಬಟನ್ ಐತಲ್ರೀ, ಒತ್ರಿ.”

“ಅದನ್ನ ನೀನ ಇಟ್ಕೋ!”

ಇವರು ಬೆನ್ನಟ್ಟಿಕೊಂಡು ಹೋದರು. ಗ್ರಹದ ಸುತ್ತ ತೋಪುಗಳು ಕಾದು ಕೂತಿದ್ದವು. ನೀಲಿ ಹಡಗುಗಳು ಒಂದೊಂದಾಗಿ ಉರಿದವು. ಕೊನೆಗೆ ಹೊಗೆಯಾಡುವ ಒಂದೇ ಹಡಗು ಉಳಿದಾಗ ಇವರ ಬೆರಳು ಬಟನ್ನಿನ ಮೇಲೆ ನಿಂತಿತು... ಒತ್ತಲಿಲ್ಲ. ಅದೂ ಹೋಯಿತು.

ಹುಡುಗಿ ನಗಲಿಲ್ಲ. “ಅದೊಂದಾದ್ರೂ ಮನಿಗೆ ಬರ್ತಿತ್ತಲ್ರೀ ಅಜ್ಜಾರ,” ಎಂದಳು ಮೆಲ್ಲಗೆ.

ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿದರು.

ಮರುದಿನ ಬೆಳಿಗ್ಗೆ ಕಾರ್ಖಾನೆಯ ಬಸ್ಸು ಬಂದು ಹಾರ್ನ್ ಹೊಡೆಯಿತು. ಇವರು ಏಳಲಿಲ್ಲ. ಮತ್ತೆ ಹೊಡೆಯಿತು. “ಇನ್ನರ್ಧ ಕಪ್ಪು ಚಾ ಹಾಕು,” ಎಂದರು. ಬಸ್ಸು ಹೊರಟುಹೋದ ಸದ್ದು ಕೇಳುತ್ತಾ, ನಾನು ಚಾ ಸುರಿದೆ.

ಆಮೇಲೆ ಸಿಕ್ಕ ವರ್ಷಗಳಲ್ಲೇ ನೀವು ಹುಟ್ಟಿದಿರಿ, ಅವರ ಹೆಗಲೇರಿ ಕುಣಿದಿರಿ.

ಆ ಹುಡುಗಿ ಬೇರೆ ಊರಿಗೆ ಕೆಲಸಕ್ಕೆ ಹೋದಳು. ಅವಳು ಕೊಟ್ಟಿದ್ದ ನಂಬರು ಈಗ ಹತ್ತುವುದಿಲ್ಲ. ನಿಮ್ಮ ಅಜ್ಜ ತೀರಿಕೊಂಡದ್ದನ್ನು ಅವಳಿಗೆ ತಿಳಿಸಲಾಗಲಿಲ್ಲ. ಎಲ್ಲೋ ಇದ್ದುಕೊಂಡು, ಅಜ್ಜಾರು ಇನ್ನೂ ಮನೆಯಲ್ಲೇ ಇದ್ದಾರೆ ಎಂದು ತಿಳಿದಿರಬಹುದು... ಹಾಗೇ ತಿಳಿದಿರಲಿ.