ಮೂಸಿದ ತುಂಬೆ

ಮನುಷ್ಯರ ಫೋಟೋ ತೆಗೆಯುವುದು ನನಗೆ ಒಲಿದ ವಿದ್ಯೆಯಲ್ಲ. ನಾನು ಕ್ಯಾಮೆರಾ ಎತ್ತಿದೊಡನೆ ನಮ್ಮ ಬಂಧುಬಳಗದವರೆಲ್ಲ ಉಸಿರು ಬಿಗಿಹಿಡಿದು, ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತವರ ಹಾಗೆ ಆಗಿಬಿಡುತ್ತಿದ್ದರು. ಹೂವಿನ ಫೋಟೋದಲ್ಲಿ ಈ ತೊಂದರೆಯಿಲ್ಲ. ಅಲ್ಲಿ ಉಸಿರು ಬಿಗಿಹಿಡಿಯಬೇಕಾದವನು ನಾನೇ.

ಈ ಹುಚ್ಚು ಹತ್ತಿದ್ದು ಎಂಬತ್ತರ ದಶಕದ ಆರಂಭದಲ್ಲಿ, ಹತ್ತಿಮತ್ತೂರಿನಲ್ಲಿ ಮಾಸ್ತರನಾಗಿದ್ದಾಗ. ಹವಾಮಾನ ಕೆಡುತ್ತಿದೆ ಎಂದು ಹೇಳಲು ಆಗ ನಮ್ಮಲ್ಲಿ ದೊಡ್ಡ ಶಬ್ದಗಳಿರಲಿಲ್ಲ. ಮಳೆಗಳಿಗೆ ಹೆಸರಿದ್ದವು, ಅಷ್ಟೆ. ಆ ಹೆಸರಿಗೂ ಬರುವ ಮಳೆಗೂ ಸಂಬಂಧ ತಪ್ಪತೊಡಗಿತ್ತು. ಮಿರಗ, ಅಂದರೆ ಮೃಗಶಿರಾ ಮಳೆ, ಒಣಗಿ ಹೋಗುತ್ತಿತ್ತು. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎಂಬ ಗಾದೆಯ ಎರಡನೆಯ ಅರ್ಧವೇ ನಿಜವಾಗುತ್ತಿತ್ತು. ಹಾನಗಲ್ಲಿನ ಸಂತೆಯಲ್ಲಿ ಕೇಳಿದರೂ ಹಿರೇಕೆರೂರಿನ ಬಸ್ಸಿನಲ್ಲಿ ಕೇಳಿದರೂ ಒಂದೇ ಮಾತು: “ಮಳಿರಾಯಗ ಅರಳು ಮರಳು ಆಗೇತ್ರಿ.”

ಮಳೆ ತಪ್ಪಿದರೆ ಮನುಷ್ಯ ಪಂಚಾಂಗವನ್ನು ಬೈಯುತ್ತಾನೆ. ಹೂವು ಯಾರನ್ನು ಬೈಯಬೇಕು? ಶ್ರಾವಣ ಬಂತೆಂದರೆ ಬೆಳ್ಳಗಾಗುತ್ತಿದ್ದ ನಮ್ಮ ಹಿತ್ತಲಿನ ತುಂಬೆ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಹೋಗಲು ಹೊರಟವರ ಮುಖವನ್ನು ಹತ್ತಿರದಿಂದ ಒಮ್ಮೆ ನೋಡಿಕೊಳ್ಳೋಣ ಅನಿಸುವುದಿಲ್ಲವೆ, ಹಾಗೆ ಅನಿಸಿತು. ಸವಣೂರಿನ ಒಬ್ಬ ಸ್ಟುಡಿಯೋದವನಿಂದ ಹಳೆಯ ಕ್ಯಾಮೆರಾ ಮತ್ತು ಅದರ ಮೂತಿಗೆ ತಿರುಪಿ ಹಾಕುವ ಒಂದು ಭೂತಗನ್ನಡಿ ಕೊಂಡೆ.

ಮೊದಲ ರೀಲು ತೊಳೆದುಕೊಟ್ಟಾಗ ಅವನ ಮುಖದಲ್ಲಿ ಮರುಕವಿತ್ತು. “ಸರ, ನಮ್ಮೂರಾಗ ಅಷ್ಟು ದಪ್ಪನ ದೊಡ್ಡಹುಣಸಿ ಗಿಡ ಅದಾವು. ಹತ್ತು ಮಂದಿ ತೆಕ್ಕಿಗೆ ಸಿಗಂಗಿಲ್ಲ. ಅದನ್ನ ಬಿಟ್ಟು ಈ ಕಸದ ಫೋಟೋ ಯಾಕ್ರಿ?” ಎಂದ. ಫೋಟೋದಲ್ಲಿ ಕಸವೂ ಸರಿಯಾಗಿ ಬಂದಿರಲಿಲ್ಲ. ಬೂದಿ ಚೆಲ್ಲಿದ ಹಾಗೆ ಏನೋ ಬೆಳ್ಳಗೆ ಕಾಣುತ್ತಿತ್ತು.

ಅಷ್ಟು ಹತ್ತಿರದಿಂದ ತೆಗೆಯುವಾಗ ಬೆರಳಗಲ ಸರಿದರೂ ಚಿತ್ರ ಕೆಡುತ್ತದೆ. ನಮ್ಮ ಉಸಿರು ತಾಗಿದರೂ ಹೂವು ತಲೆಯಾಡಿಸುತ್ತದೆ. ಹಾಗಾಗಿ ಹಿಂದೊಂದು ಕರಿ ಕಂಬಳಿ ಇಳಿಬಿಟ್ಟು, ಹಿತ್ತಲ ಕೆಸರಿನಲ್ಲಿ ಬೋರಲು ಬಿದ್ದು, ಒಂದು ಕಣ್ಣು ಮುಚ್ಚಿ ಕಾಯುತ್ತಿದ್ದೆ. ಕನ್ನಡಿಯೊಳಗೆ ತುಂಬೆ ತೆರೆದುಕೊಂಡಾಗ ಮಾತ್ರ ಕೆಸರೆಲ್ಲ ಮರೆತುಹೋಗುತ್ತಿತ್ತು. ಉಗುರಿನಷ್ಟಿಲ್ಲದ ಆ ಹೂವಿನ ತುಟಿಯ ಮೇಲೆ ಹಸುಗೂಸಿನ ನೆತ್ತಿಯಲ್ಲಿರುವಂಥ ನಯವಾದ ರೋಮ. ನಲವತ್ತು ವರ್ಷ ಇದನ್ನು ತುಳಿದುಕೊಂಡು ಓಡಾಡಿದ್ದೆನಲ್ಲ ಅನಿಸುತ್ತಿತ್ತು.

ಒಂದು ದಿನ ಹೀಗೆ ಬಿದ್ದುಕೊಂಡಿದ್ದಾಗ ಅವ್ವ ಪೂಜೆಯ ತಾಟು ಹಿಡಿದು ಬಂದಳು. ಶ್ರಾವಣ ಸೋಮವಾರ ಶಿವನಿಗೆ ತುಂಬೆ ಏರಿಸದೆ ಅವಳು ನೀರು ಮುಟ್ಟುವವಳಲ್ಲ. ಹೂವು ಸಾಲದಾದಾಗಿನಿಂದ ಎಸಳು ಬಿಡಿಸುವುದನ್ನು ಬಿಟ್ಟು, ಹೂಗಳು ಕೂತ ದುಂಡನೆಯ ಗೊಂಡೆಸಮೇತ ಚಿವುಟುತ್ತಿದ್ದಳು. ಬೀಜವೂ ಅದರ ಜೊತೆಗೇ ಶಿವಾರ್ಪಣ.

“ಮೂಸಿದೇನೋ?” ಎಂದಳು.

“ಇಲ್ಲಬೇ, ಫೋಟೋ ತಗ್ಯಾಕತ್ತೇನಿ.”

“ಹೂವಿನ ಮ್ಯಾಲ ಮೂಗು ಇಟ್ಟು ಮೂಸಿಲ್ಲ ಅಂತಿ! ಎಂಜಲ ಆತು. ಇನ್ನ ಅದು ದೇವರಿಗೆ ನಡ್ಯಾಂಗಿಲ್ಲ.”

ದೇವರಿಗಿಂತ ಮೊದಲು ಹೂವನ್ನು ಮೂಸಬಾರದು, ಮೂಸಿದ ಹೂವು ಪೂಜೆಗೆ ಸಲ್ಲದು ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ನೇಮ. ಭೂತಗನ್ನಡಿಯನ್ನೂ ಮೂಗಿನ ಲೆಕ್ಕಕ್ಕೆ ಸೇರಿಸಿದವಳು ನಮ್ಮ ಅವ್ವ ಮಾತ್ರ. ನಾನು ವಾದಕ್ಕಿಳಿಯಲಿಲ್ಲ. ಯಾಕೆಂದರೆ ಫೋಟೋ ತೆಗೆದ ಗೊಂಡೆಗಳನ್ನು ಅವಳು ಮುಟ್ಟಲಿಲ್ಲ. ಅವು ಗಿಡದಲ್ಲೇ ಒಣಗಿ ಬೀಜ ಉದುರಿಸಿದವು. ಮರುವರ್ಷ ಮಳೆ ತಡವಾಗಿ ಬಂದರೂ ನಾನು ಬೋರಲು ಬಿದ್ದಿದ್ದ ಜಾಗದಲ್ಲೇ ಸಸಿಗಳೆದ್ದವು! ನನ್ನ ಚಿತ್ರಗಳು ಆಗಲೂ ಬೂದಿಯಾಗಿಯೇ ಬರುತ್ತಿದ್ದವು. ಆದರೆ ಇಷ್ಟು ಉಪಯೋಗಕ್ಕೆ ಬಿದ್ದ ಕೆಟ್ಟ ಚಿತ್ರಗಾರ ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ.

ಒಂದು ವರ್ಷ ಮಳೆ ಪೂರ್ತಿ ಕೈಕೊಟ್ಟಿತು. ಹಿತ್ತಲೆಲ್ಲ ಬಿರಿದು, ಬಚ್ಚಲ ನೀರು ಹರಿಯುವಲ್ಲಿ ಒಂದೇ ಒಂದು ತುಂಬೆ ಗಿಡ ಉಳಿಯಿತು. ಅದರಲ್ಲಿ ಒಂದೇ ಗೊಂಡೆ. ಅದನ್ನೂ ಚಿವುಟಿದರೆ ನಮ್ಮ ಹಿತ್ತಲಿನ ತುಂಬೆಯ ವಂಶ ಅಲ್ಲಿಗೆ ಮುಗಿಯುತ್ತಿತ್ತು. ಸೋಮವಾರ ಬೆಳಿಗ್ಗೆ ಕ್ಯಾಮೆರಾ ತೆಗೆದುಕೊಂಡು ಹೋದೆ. ಅವ್ವ ಆಗಲೇ ತಾಟು ಹಿಡಿದು ಗಿಡದ ಮುಂದೆ ನಿಂತಿದ್ದಳು. ಮುಂದೆ ನುಗ್ಗಿ ಫೋಟೋ ತೆಗೆದುಬಿಡಬಹುದಿತ್ತು. ಆದರೆ ಉಪವಾಸ ನಿಂತ ಮುದುಕಿಯ ಕೈಯಿಂದ ಅವಳ ಶಿವನ ಹೂವನ್ನು ಕಸಿಯಲು ಮನಸ್ಸು ಬರಲಿಲ್ಲ. ಬಾಗಿಲಲ್ಲೇ ನಿಂತುಬಿಟ್ಟೆ.

ಅವ್ವ ಬಹಳ ಹೊತ್ತು ನೋಡಿದಳು. ಕೈ ಚಾಚಿದಳು, ಹಿಂದೆ ತೆಗೆದಳು. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ, ನರಳುತ್ತ ಬಗ್ಗಿ, ಮೂಗನ್ನು ಹೂವಿಗೆ ತಾಗಿಸಿ ದೀರ್ಘವಾಗಿ ಉಸಿರೆಳೆದಳು. ಹೂವು ಮೂಸಬೇಡವೆಂದು ನನ್ನ ಬೆನ್ನಿಗೆ ಗುದ್ದಿ ಬೆಳೆಸಿದವಳು, ತನ್ನ ಆಯುಷ್ಯದಲ್ಲೇ ಮೊದಲ ಸಲ.

“ಅಯ್ಯ!” ಎಂದು ನನ್ನ ಕಡೆ ತಿರುಗಿದಳು. “ಏನೂ ವಾಸನೀನ ಇಲ್ಲಲ್ಲೋ ಇದಕ್ಕ! ಭಾರೀ ಘಮಾ ಇರತೈತಿ, ಅದಕ್ಕ ಶಿವಗ ಅಷ್ಟು ಪ್ರೀತಿ ಅಂದ್ಕೊಂಡಿದ್ದೆ.”

ಒಳಗೆ ಹೋಗಿ ದೇವರ ಜಗಲಿಯ ಮುಂದೆ ಕೂತು ಲಿಂಗಕ್ಕೆ ಬರೀ ಪತ್ರಿ ಏರಿಸಿದಳು. ಅಂಜಿಕೆಯಿಲ್ಲದ, ಮನೆಯವರಿಗೆ ಹೇಳುವಂಥ ದನಿಯಲ್ಲಿ ಅವಳು ಅಂದದ್ದು ನನಗೂ ಕೇಳಿಸಿತು:

“ಈ ವರ್ಷ ಪತ್ರಿ ಮ್ಯಾಲ ಸುಧಾರಿಸ್ಕೋಪಾ. ಅದನ್ನ ನಾ ಮೂಸೇನಿ.”