ಎರಡು ನೀಲಿ ಗೆರೆಗಳ ನಡುವಿನ ವಸ್ತಿ

ಮುಂಬಯಿಯ ಮುಲುಂಡ್‌ನ ಪಶ್ಚಿಮಕ್ಕೆ, ಗುಡ್ಡದ ಬುಡದಲ್ಲಿರುವ ಬಾವಡಿ ಚಾಳದಲ್ಲಿ ಚನ್ನವ್ವ ಎಂಬುವರಿದ್ದಾರೆ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಹದಿನೆಂಟನೆಯ ವಯಸ್ಸಿಗೆ ಗಂಡ ಮುರಿಗೆಪ್ಪನ ಜೊತೆ ಈ ಊರಿಗೆ ಬಂದರು. ಆತ ಕಲ್ಲು ಒಡೆಯುವ ಖಾಣಿಯಲ್ಲಿ ದುಡಿದ. ಖಾಣಿ ಮುಚ್ಚಿದ ಮೇಲೆ ಒಂದು ಹೌಸಿಂಗ್ ಸೊಸೈಟಿಯ ವಾಚ್‌ಮನ್ ಆದ. ಚನ್ನವ್ವ ಊರಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದರು. ಅದರ ಬಲದ ಮೇಲೆ ಇಲ್ಲಿನ ಆರೋಗ್ಯ ಕೇಂದ್ರದಲ್ಲಿ ಸ್ವಯಂಸೇವಿಕೆಯಾದರು. ಇಪ್ಪತ್ತಾರು ವರ್ಷಗಳಿಂದ ಲಸಿಕೆಯ ಡಬ್ಬಿ ಹೆಗಲಿಗೇರಿಸಿಕೊಂಡು ಗುಡ್ಡ ಹತ್ತುತ್ತಿದ್ದಾರೆ. ಮಗುವಿನ ಬಾಯಿಗೆ ಎರಡು ಹನಿ, ಬಾಗಿಲ ಪಕ್ಕಕ್ಕೆ ಸೀಮೆಸುಣ್ಣದ ಒಂದು ಗುರುತು, ಮತ್ತೆ ಮುಂದಿನ ಮನೆ.

ನಾನು ಕಾಶಪ್ಪ, ಪಾಲಿಕೆಯ ಕನ್ನಡ ಶಾಲೆಯ ಮಾಸ್ತರ. ನಮ್ಮ ತಂದೆಯ ಕಾಲಕ್ಕೇ ಧಾರವಾಡ ಬಿಟ್ಟು ಬಂದವರು ನಾವು. ೨೦೨೫ರಲ್ಲಿ ಚುನಾವಣೆಗೆ ಮುಂಚೆ ವಾರ್ಡುಗಳ ಗಡಿಯನ್ನು ಹೊಸದಾಗಿ ಬರೆಯುವ ಕೆಲಸ ಬಂದಾಗ ನನ್ನನ್ನೂ ಅದಕ್ಕೆ ಹಾಕಿದರು. ಜನಗಣತಿಯ ವೇಳೆ ನೂರು, ನೂರಿಪ್ಪತ್ತು ಮನೆಗಳನ್ನು ಸೇರಿಸಿ ಒಂದೊಂದು ಗುಂಪು ಮಾಡಿರುತ್ತಾರೆ. ಆ ಗುಂಪನ್ನು ಒಡೆಯುವಂತಿಲ್ಲ. ಗುಂಪಿಗೆ ಗುಂಪು ಜೋಡಿಸುತ್ತ, ರಸ್ತೆ, ಹಳ್ಳ, ರೈಲು ಹಳಿಗಳನ್ನೇ ಗಡಿಯಾಗಿ ಹಿಡಿದು, ಐವತ್ತೈದು ಸಾವಿರದ ಹತ್ತಿರ ಜನ ಆಗುವಂತೆ ಒಂದು ವಾರ್ಡು ಕಟ್ಟಬೇಕು. ಜನಸಂಖ್ಯೆ ಶೇಕಡಾ ಹತ್ತಕ್ಕಿಂತ ಹೆಚ್ಚು ಏರುವಂತಿಲ್ಲ, ಇಳಿಯುವಂತಿಲ್ಲ. ಕರಡು ನಕಾಶೆ ಸಿದ್ಧವಾದ ಮೇಲೆ ಅದನ್ನು ಕಚೇರಿಯ ಗೋಡೆಗೆ ಅಂಟಿಸಿ, ಆಕ್ಷೇಪಣೆ ಇದ್ದವರು ಬರೆದುಕೊಡಿ ಎಂದು ಪ್ರಕಟಣೆ ಹೊರಡಿಸಿದರು.

ಪಕ್ಷದವರು ಬಂದರು, ಸೊಸೈಟಿಗಳ ಕಾರ್ಯದರ್ಶಿಗಳು ಬಂದರು. ಒಂದು ಮಧ್ಯಾಹ್ನ ಚನ್ನವ್ವ ಒಬ್ಬರೇ ಬಂದರು. ನಕಾಶೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಅವರು ಉಟ್ಟ ಇಳಕಲ್ಲ ಸೀರೆ ನೋಡಿ ನಾನೇ ಹೋಗಿ ಕನ್ನಡದಲ್ಲಿ ಮಾತಾಡಿಸಿದೆ.

"ಏನು ಹುಡುಕಾಕತ್ತೀರಿ, ಅಕ್ಕಾರ?"

"ನಮ್ಮ ಗುಡ್ಡ, ಸರ."

ನಾನು ತೋರಿಸಿದೆ. ಅದು ಹೆಬ್ಬೆರಳಿನ ಉಗುರಿನಷ್ಟಿತ್ತು. ಅದರಲ್ಲಿ ಮೇಲಿನ ವಸ್ತಿ ಎಂಬ ಗುಡ್ಡದ ಕೇರಿ ಒಂದು ಗುಂಪು, ಒಳಗೆ ಸಣ್ಣ ಅಂಕಿಯಲ್ಲಿ ಆರುನೂರ ನಲವತ್ತೆಂಟು ಎಂದು ಬರೆದಿತ್ತು. ಅದೇನು ಅಂಕಿ ಎಂದು ಕೇಳಿದರು. ೨೦೧೧ರಲ್ಲಿ ಎಣಿಸಿದ ಜನ ಎಂದೆ. ಅವರು ಆ ಅಂಕಿಯ ಮೇಲೆ ಬೆರಳಿಟ್ಟರು.

"ಹಂಗಾರ ಸೋನಾಲಿನೂ ಇದರಾಗ ಅದಾಳ್ರಿ," ಎಂದರು ಆಮೇಲೆ. "ಎಣಸಾಕ ಬಂದಾಗ ಆ ಕೂಸು ಹುಟ್ಟಿ ಒಂಬತ್ತ ದಿನ ಆಗಿತ್ತು. ಹೆಸರೂ ಇಟ್ಟಿರಲಿಲ್ಲ. ಅದನ್ನೂ ಬರ್ಕೊಳ್ರಿ ಅಂತ ನಾನ ಹೇಳಿದ್ದೆ. ಅದನ್ನ ಹಿಡದ್ರ ಆಗ ನನ್ನ ಲೆಕ್ಕಾನೂ ಇಷ್ಟ ಇತ್ತು. ಬರ್ಕೊಂಡ್ರ ಅಂತ ಈಗ ಗೊತ್ತಾತು."

ಆ ಅಂಕಿಯನ್ನು ನಾನು ಎಷ್ಟೋ ಸಲ ಕೂಡಿಸಿದ್ದೆ, ಕಳೆದಿದ್ದೆ. ಅದರೊಳಗೆ ಒಂಬತ್ತು ದಿನದ ಕೂಸು ಇದ್ದೀತೆಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಅವರು ಬಂದ ಕಾರಣ ಬೇರೆ ಇತ್ತು. ಗುಡ್ಡದಿಂದ ಇಳಿಯುವ ಹಳ್ಳ ಮೇಲೆಯೇ ಎರಡಾಗಿ ಒಡೆಯುತ್ತದೆ. ಮೇಲಿನ ವಸ್ತಿ ಆ ಎರಡು ಕವಲುಗಳ ನಡುವೆ ಇದೆ. ನಾವು ಎಡಗಡೆಯ ಕವಲನ್ನು ಗಡಿಯಾಗಿ ಹಿಡಿದಿದ್ದೆವು. ಹಾಗಾಗಿ ವಸ್ತಿ ಬಲಗಡೆಯ ವಾರ್ಡಿಗೆ ಹೋಗಿತ್ತು.

"ಎಡಕ್ಕಿನದು ಹುಡುಗೂರು ಜಿಗಿಯೂ ಅಂಥಾ ಗಟಾರ, ಸರ. ಮ್ಯಾಲ ಕಲ್ಲಿನ ಫರಸಿ ಹಾಸೈತಿ. ಬಲಕ್ಕಿಂದು ನಾಕೈದಾಳ ಆಳ. ದಾಟಾಕ ಪೂಲ್ ಇಲ್ಲ. ಆ ಕಡೆ ಹೋಗಬೇಕಂದ್ರ ಕೆಳಗ ಇಳದು, ರಸ್ತಾ ಹಿಡದು, ಎರಡು ಕಿಲೋಮೀಟರ್ ಸುತ್ತಬೇಕು. ದವಾಖಾನಿ, ಸಾಲಿ, ರೇಶನ್ ಎಲ್ಲಾ ಎಡಕ್ಕ ಐತಿ. ಇನ್ನ ನಳಕ್ಕ ನೀರು ಬರಲಿಲ್ಲಂದ್ರ ವಾರ್ಡಿನಿಂದ ಆರಿಸಿ ಬಂದ ನಗರಸೇವಕನ್ನ ಹುಡುಕ್ಕೊಂಡು ಅಷ್ಟು ದೂರ ಹೋಗೋರು ಯಾರು?"

ನಾನು ನಕಾಶೆ ನೋಡಿದೆ. ಅದರಲ್ಲಿ ಎರಡೂ ಕವಲುಗಳು ಒಂದೇ ದಪ್ಪದ ನೀಲಿ ಗೆರೆಗಳು. ನಕಾಶೆ ಬರೆದವರದೂ ತಪ್ಪಲ್ಲ. ಕಾಗದದ ಮೇಲೆ ಆಳ ಕಾಣುವುದಿಲ್ಲ. ಅವರು ಹೇಳಿದ್ದನ್ನು ನಾನೇ ಮರಾಠಿಯಲ್ಲಿ ಬರೆದುಕೊಟ್ಟೆ, ಅವರು ಸಹಿ ಹಾಕಿದರು.

ವಿಚಾರಣೆ ಸೆಪ್ಟೆಂಬರಿನಲ್ಲಿ ನಡೆಯಿತು. ದೊಡ್ಡ ಸಭಾಗೃಹ, ನೂರಾರು ಜನ, ಒಬ್ಬೊಬ್ಬರಿಗೆ ಮೂರು ನಿಮಿಷ. ವೇದಿಕೆಯ ಮೇಲೆ ಒಬ್ಬ ಹಿರಿಯ ಅಧಿಕಾರಿ, ಅರವತ್ತರ ಸಮೀಪದ ಹೆಂಗಸು. ಚನ್ನವ್ವನವರ ಹೆಸರು ಕೂಗಿದಾಗ ಅವರ ಮಾತನ್ನು ಮರಾಠಿಗೆ ತಿರುಗಿಸಲು ನಾನು ಪಕ್ಕದಲ್ಲಿ ನಿಂತೆ.

ಅಧಿಕಾರಿ ಕಾಗದ ಓದಿ ಕೇಳಿದರು: "ಈ ವಸ್ತಿಯವರೆಲ್ಲ ಎಡಗಡೆಗೇ ಬರುತ್ತಾರೆ ಅನ್ನುವುದಕ್ಕೆ ಆಧಾರ ಏನು?"

"ಆಧಾರ ಅಂದ್ರ ಕಾಗದ ಇಲ್ರಿ. ಒಂದೊಂದ ಮನಿ ಹೇಳ್ತೀನಿ," ಎಂದರು ಚನ್ನವ್ವ. ಕಣ್ಣು ಅರ್ಧ ಮುಚ್ಚಿದರು. ಮನಸ್ಸಿನಲ್ಲೇ ಗುಡ್ಡದ ಮೆಟ್ಟಿಲುಗಳನ್ನು ಹತ್ತುತ್ತಿದ್ದಾರೆಂದು ನನಗೆ ಗೊತ್ತಾಯಿತು.

"ಗಟಾರದ ಫರಸಿ ದಾಟಿದ ಕೂಡಲೇ ಧರ್ಮಣ್ಣಂದು. ಆರು ಮಂದಿ. ಸೊಸಿ ಏಳು ತಿಂಗಳ ಬಸಿರು, ತಪಾಸಣಿ ನಮ್ಮ ಕೇಂದ್ರದಾಗ. ಬಾಜೂಕ ಗೋರಖಪುರದ ಪ್ಲಂಬರ್, ನಾಕು ಮಂದಿ, ಇಬ್ಬರು ಹುಡುಗೂರು ಎಡಕ್ಕಿನ ಸಾಲಿಗೆ. ಮೂರನೇದು ಶರಣಂದು, ಅವನ ಅವ್ವಗ ಸಕ್ಕರಿ ಬ್ಯಾನಿ, ವಾರಕ್ಕೊಮ್ಮೆ ಗುಳಿಗಿಗೆ ಇಳದು ಬರತಾಳ. ನಾಕನೇದು ಬೀಗ ಹಾಕೈತಿ, ಊರಿಗೆ ಹೋಗ್ಯಾರ, ದೀಪಾವಳಿಗೆ ಬರತಾರ..."

ಹತ್ತು ಮನೆ ಆಯಿತು, ಹದಿನೈದಾಯಿತು. ಮೂರು ನಿಮಿಷ ಮುಗಿದ ಗಂಟೆ ಹೊಡೆಯಿತು. ಅಧಿಕಾರಿ ಕೈ ಎತ್ತಿದರು. ನಿಲ್ಲಿಸುತ್ತಾರೆ ಎಂದುಕೊಂಡೆ. ಅವರು ಗುಮಾಸ್ತನ ಕಡೆ ತಿರುಗಿ ಮತದಾರರ ಪಟ್ಟಿ ತರಿಸಿದರು. ಮುಂದುವರಿಸಿ ಎಂದರು.

ಗುಮಾಸ್ತ ಪಟ್ಟಿಯ ಮೇಲೆ ಬೆರಳಿಟ್ಟು ಹಿಂಬಾಲಿಸಿದ. ಮೂವತ್ತೊಂದನೆಯ ಮನೆಗೆ ಅವನು ತಡೆದ. "ಇಲ್ಲಿ ಐದು ಜನ ಇದ್ದಾರೆ, ಇವರು ಇಬ್ಬರು ಅನ್ನುತ್ತಾರೆ."

"ಮೂವರು ಕಾಂದಿವಲಿಗೆ ಹೋದ್ರಿ, ಎರಡು ವರ್ಷಾತು," ಎಂದು ಚನ್ನವ್ವ ಹೇಳಿ, ಕಣ್ಣು ತೆರೆಯದೆ ಮೂವತ್ತೆರಡಕ್ಕೆ ಹೋದರು.

ಸರದಿಗಾಗಿ ಎದ್ದು ನಿಂತಿದ್ದ ಒಬ್ಬ ವಕೀಲರು ಮೆಲ್ಲಗೆ ಕುಳಿತರು. ಯಾವ ಹೊತ್ತಿಗೋ ನಾನು ಮರಾಠಿಗೆ ತಿರುಗಿಸುವುದನ್ನೇ ಬಿಟ್ಟುಬಿಟ್ಟಿದ್ದೆ, ಯಾರೂ ಕೇಳಲಿಲ್ಲ. ಹೆಸರುಗಳು ಹೆಸರುಗಳೇ, ಅಂಕಿಗಳನ್ನು ಅವರು ಬೆರಳಲ್ಲಿ ತೋರಿಸುತ್ತಿದ್ದರು. ಒಂದು ಗುಡ್ಡ ನಮ್ಮ ಕಣ್ಣ ಮುಂದೆ ಬಾಗಿಲು ಬಾಗಿಲಾಗಿ ಏಳುತ್ತಿತ್ತು. ನೂರ ಹದಿನೆಂಟನೆಯ ಮನೆ ಮುಗಿಸಿ ಕಣ್ಣು ತೆರೆದು, "ಅಲ್ಲಿಂದ ಮ್ಯಾಲ ಅಡವಿ ಐತ್ರಿ," ಎಂದರು.

ಅಧಿಕಾರಿ ಕನ್ನಡಕ ತೆಗೆದು, "ನಿಮ್ಮ ಮಾತು ನಿಜ," ಎಂದರು. "ಆದರೆ ಎಡಗಡೆಯ ವಾರ್ಡು ಈಗಾಗಲೇ ತುಂಬಿದೆ. ಈ ಗುಂಪು ಸೇರಿದರೆ ಶೇಕಡಾ ಹತ್ತರ ಮಿತಿ ದಾಟುತ್ತದೆ. ಇದನ್ನು ತೆಗೆದುಕೊಂಡರೆ ಇನ್ನೊಂದು ಗುಂಪನ್ನು ಬಲಗಡೆಗೆ ಕೊಡಬೇಕು."

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಚನ್ನವ್ವ ಹೆಚ್ಚು ಯೋಚಿಸಲಿಲ್ಲ.

"ಬಾವಡಿ ಚಾಳ ಕೊಡ್ರಿ. ಅದು ರಸ್ತಾದ ದಂಡ್ಯಾಗ ಐತಿ. ಅಲ್ಲಿ ಮಂದಿ ರಸ್ತಾ ದಾಟಿ ಆ ಕಡೆ ಬಾಜಾರಕ್ಕ ದಿನಾ ಹೋಗತಾರ. ಅವರಿಗೇನೂ ತ್ರಾಸ ಆಗಂಗಿಲ್ಲ."

ಅಧಿಕಾರಿ ನಕಾಶೆಯಲ್ಲಿ ಅಂಕಿ ನೋಡಿದರು. ಆರುನೂರ ಹನ್ನೆರಡು. ಸರಿಹೊಂದುತ್ತಿತ್ತು.

"ನಿಮ್ಮ ಮನೆ ಎಲ್ಲಿ?"

"ಬಾವಡಿ ಚಾಳದಾಗನ್ರಿ. ಒಂಬತ್ತನೇ ಖೋಲಿ."

"ಅಲ್ಲಿಯವರನ್ನು ಕೇಳಿದ್ದೀರಾ?"

"ಕೇಳಿಲ್ರಿ. ಕೇಳಿದ್ರ ಬ್ಯಾಡ ಅಂತಾರ. ಈ ವಾರ್ಡಿನ ನಗರಸೇವಕರ ಆಫೀಸು ನಮಗ ಹತ್ತು ಹೆಜ್ಜಿಗೆ ಐತಿ. ಆದ್ರ ನಮಗ ರಸ್ತಾ ಐತಿ. ಅವರಿಗೆ ಇಲ್ಲ."

ಅಕ್ಟೋಬರಿನಲ್ಲಿ ಅಂತಿಮ ನಕಾಶೆ ಬಂತು. ಗಡಿ ಬಲಗಡೆಯ ಕವಲಿಗೆ ಸರಿದಿತ್ತು. ಮೇಲಿನ ವಸ್ತಿ ತನ್ನ ಶಾಲೆ, ದವಾಖಾನೆಗಳ ಜೊತೆ ಉಳಿದಿತ್ತು. ಬಾವಡಿ ಚಾಳ ರಸ್ತೆಯಾಚೆಯ, ಬಲಗಡೆಯ ವಾರ್ಡಿಗೆ ಹೋಗಿತ್ತು.

ಚಾಳದಲ್ಲಿ ಚನ್ನವ್ವನವರಿಗೆ ಸುಲಭವಾಗಲಿಲ್ಲ. ಪಕ್ಕದ ಖೋಲಿಯ ಸೇವಂತಿ, ಉಡುಪಿ ಕಡೆಯವರು, ಇಪ್ಪತ್ತು ವರ್ಷದ ಗೆಳತಿ, "ನಮ್ಮನ್ನು ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ ಚನ್ನವ್ವ ನಿಮಗೆ?" ಎಂದು ಹೇಳಿ ಹದಿನೈದು ದಿನ ಮಾತು ಬಿಟ್ಟರು. ಮುರಿಗೆಪ್ಪ ಕೂಡ ಮುನಿಸಿಕೊಂಡಿದ್ದ. ಚನ್ನವ್ವ ವಾದಿಸಲಿಲ್ಲ. ಒಂದು ಭಾನುವಾರ ಸೇವಂತಿಯವರನ್ನು ಕೈ ಹಿಡಿದು ಮೇಲಿನ ವಸ್ತಿಗೆ ಕರೆದೊಯ್ದು ಬಲಗಡೆಯ ಕವಲು ತೋರಿಸಿ ಬಂದರಂತೆ. ಸೇವಂತಿ ಕೆಳಗಿಳಿದು ಬಂದು ಚನ್ನವ್ವ ಮಾಡಿದ್ದು ಸರಿ ಎಂದು ಚಾಳದ ಉಳಿದವರಿಗೆ ತಾವೇ ಹೇಳಿದರಂತೆ.

ಅದನ್ನು ಕೇಳಿದಾಗ ನನಗೆ ನಾಚಿಕೆಯಾಯಿತು. ತಿಂಗಳುಗಟ್ಟಲೆ ಆ ಗುಡ್ಡದ ಮೇಲೆ ಪೆನ್ಸಿಲ್ ಆಡಿಸಿದವನು ಅಲ್ಲಿ ಕಾಲೇ ಇಟ್ಟಿರಲಿಲ್ಲ. ನವೆಂಬರಿನಲ್ಲಿ ಒಂದು ಬೆಳಿಗ್ಗೆ ಚನ್ನವ್ವ ಮನೆ ಮನೆ ಸುತ್ತಲು ಹೊರಟಾಗ ನಾನೂ ಹಿಂದೆ ಹೋದೆ. ಗಟಾರದ ಫರಸಿಯನ್ನು ಒಂದೇ ಹೆಜ್ಜೆಗೆ ದಾಟಿದೆವು. ಇನ್ನೂರಕ್ಕೂ ಹೆಚ್ಚು ಮೆಟ್ಟಿಲು. ಕೆಲವು ಕಲ್ಲಿನವು, ಕೆಲವು ಮರಳಿನ ಚೀಲದವು. ನಾನು ಮೂರು ಕಡೆ ನಿಂತು ಉಸಿರು ತೆಗೆದುಕೊಂಡೆ. ಅವರು ಬಾಗಿಲು ಬಾಗಿಲಿಗೆ ಮಾತಾಡುತ್ತಲೇ ಏರಿದರು. ಯಾವ ಮನೆಯವರೂ ಅವರನ್ನು ಯಾರು ಎಂದು ಕೇಳಲಿಲ್ಲ.

ವಸ್ತಿಯ ಆಚೆಯಂಚಿಗೆ ಬಂದಾಗ ನಾನು ಹಿಂದಕ್ಕೆ ಸರಿದೆ. ಕಾಲ ಕೆಳಗೆ ನೆಲವೇ ಇರಲಿಲ್ಲ. ಕಡಿದಾದ ಕಪ್ಪು ಬಂಡೆ, ತಳದಲ್ಲೆಲ್ಲೋ ನೀರಿನ ಸದ್ದು. ಇದು ನನ್ನ ನಕಾಶೆಯ ಎರಡನೆಯ ನೀಲಿ ಗೆರೆ. ಆಚೆಯ ದಡ ಮೂವತ್ತು ಅಡಿಯಷ್ಟೇ ದೂರ. ಅಲ್ಲಿ ಒಬ್ಬ ಹುಡುಗಿ ಬಟ್ಟೆ ಒಣಹಾಕುತ್ತಿದ್ದಳು.

ಚನ್ನವ್ವ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು: "ಸೌಮ್ಯಾ, ಕೂಸಿನ ಜ್ವರ ಇಳೀತೇನ?"

"ಇಳೀತ್ರಿ, ಕಾಕೂ," ಎಂದು ಆಚೆಯಿಂದ ದನಿ ಬಂತು.

"ಆ ಮನೆನೂ ನಿಮ್ಮ ಪಟ್ಟಿಯೊಳಗ ಐತೇನು, ಅಕ್ಕಾರ?" ಎಂದು ಕೇಳಿದೆ.

"ಇಲ್ರಿ, ಅದು ಬ್ಯಾರೆಯವರ ಏರಿಯಾ," ಎಂದರು ಚನ್ನವ್ವ. "ಗೊತ್ತಿರತೈತಿ, ಅಷ್ಟ."

ಹಾಗೆಂದು ಡಬ್ಬಿಯ ಪಟ್ಟಿ ಸರಿಮಾಡಿಕೊಂಡು ಮುಂದಿನ ಬಾಗಿಲಿಗೆ ಹೋದರು. ನಾನು ಬಂಡೆಯಂಚಿನಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ.