ಅಡ್ಡಮಳೆಯ ಊರಿಗೆ ಎರಡು ಸೀಟು

ಕೊಡೆಯಕ್ಕನ ಜೊತೆ ಈ ಬರಹಕ್ಕಾಗಿ ನಡೆದ ನನ್ನ ಮೊದಲ ಮಾತುಕತೆಯನ್ನು ಗೊತ್ತುಮಾಡಿಕೊಟ್ಟವರು ಅವರ ತಂಗಿ, ನಿವೃತ್ತ ನರ್ಸ್. ಕೊಡೆ ರಿಪೇರಿಯಲ್ಲೇ ಆಯುಷ್ಯ ಸವೆಸಿದ ಅಕ್ಕ, ತಂಗಿಯ ಮೂಲಕ ಒಂದೇ ಷರತ್ತು ಹೇಳಿಕಳುಹಿಸಿದ್ದರು: ಬಿಸಿಲಿರುವ ದಿನ ಬನ್ನಿ, ಮೋಡ ಕವಿದರೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಎರಡು ಸಲ ಮೋಡ ಕವಿದು, ಆಮೇಲೆ ಭೇಟಿ ಕೂಡಿಬಂದಿತು.

ಅಂಗಡಿಯೆಂದರೆ ಮಹಡಿ ಮೆಟ್ಟಿಲ ಕೆಳಗಿನ ಇಳಿಜಾರು ಸಂದು. ಎದ್ದರೆ ತಲೆ ತಗಲುತ್ತದೆ. ಹಾಗಾಗಿ ಅಕ್ಕ ಕೂತೇ ಬಾಳಿದವರು. ರಿಪೇರಿಯಾದ ಕೊಡೆಯನ್ನು ಅವರು ಸುಮ್ಮನೆ ಗಿರಾಕಿಯ ಕೈಗಿಡುವುದಿಲ್ಲ. ಬಿಚ್ಚಿ, ಟೇಬಲ್ ಫ್ಯಾನಿನೆದುರು ಹಿಡಿದು, ಮೇಲೊಂದು ಚೊಂಬು ನೀರು ಸುರಿಯುತ್ತಾರೆ. ಗಿರಾಕಿಯ ಬಟ್ಟೆ ತೊಯ್ದರೆ ಅದೂ ಪರೀಕ್ಷೆಯ ಭಾಗವೇ. “ಒಣ ಕೊಡೆ ಬರೀ ಮಾತು ಕೊಡುತ್ತೆ. ಉಳಿಸ್ಕೊಳ್ಳುತ್ತಾ ಅಂತ ನೆನೆದ ಮೇಲೇ ಗೊತ್ತಾಗೋದು” ಎಂಬುದು ಅವರ ಸಿದ್ಧಾಂತ.

ಒಮ್ಮೆ ಹಡಗಿನ ಅಡುಗೆಯವನೊಬ್ಬ ತಂದ ಕೊಡೆಯ ಕಡ್ಡಿಗಳೆಲ್ಲ ಬಾಚಿದ ಕೂದಲಿನಂತೆ ಒಂದೇ ಕಡೆ ವಾಲಿದ್ದವು. ನಾರ್ವೆಯ ಕರಾವಳಿ ಪಟ್ಟಣವೊಂದರಲ್ಲಿ ಹಾಗಾಯಿತಂತೆ. ಹಿಂದೆ ಬೆಟ್ಟ, ಮುಂದೆ ಕಡಲು, ದಂಡೆಯುದ್ದಕ್ಕೂ ಬಣ್ಣದ ಮರದ ಮನೆಗಳು. ಮಳೆ ಮಾತ್ರ ಮೇಲಿನಿಂದ ಬಾರದೆ ಅಡ್ಡಡ್ಡ ಬರುತ್ತದೆ ಎಂದನವನು. ಅಂದಿನಿಂದ ಅಕ್ಕನ ತಲೆಗೆ ಹುಳ ಹೊಕ್ಕಿತು. ಅಂಥ ಮಳೆಗೆ ಅಲ್ಲಿಯವರು ಹಿಡಿಯುವ ಕೊಡೆ ಎಂಥದ್ದು? ವರ್ಷಗಳ ನಂತರ, ಅರವತ್ತಮೂರನೆಯ ವಯಸ್ಸಿನಲ್ಲಿ, ಹೋಗಿ ನೋಡಿಯೇ ಬಿಡುವುದೆಂದು ನಿಶ್ಚಯಿಸಿದರು.

ವಿಮಾನ ಹತ್ತದವರಿಗೆ, ಪರಭಾಷೆಯ ಗಾಳಿಯೂ ಸೋಕದವರಿಗೆ, ತಂಗಿಯಿಲ್ಲದೆ ಹೊರಡುವ ಮಾತೇ ಇರಲಿಲ್ಲ. ತಂಗಿ ಒಪ್ಪಿದರು, ಆದರೆ ಜೂನ್‌ಗೆ. ಅಕ್ಕನಿಗೆ ಬೇಕಾದದ್ದು ಅಕ್ಟೋಬರ್, ಮಳೆಗಾಳಿಯ ಕಾಲ. ಟಿಕೆಟ್ ಏಜೆಂಟನ ಕೋಣೆಯಲ್ಲಿ, ಬಿಸಿಲಿಗೆ ಬಣ್ಣಗೆಟ್ಟ ಭೂಪಟದ ಕೆಳಗೆ, ಇಬ್ಬರೂ ಜಗ್ಗಾಟಕ್ಕೆ ಕೂತರು.

“ಎಲ್ರೂ ಮಳೆ ತಪ್ಪಿಸಿ ಟಿಕೆಟ್ ಕೊಡಿ ಅಂತಾರೆ, ಅಮ್ಮಾ. ಮಳೆನೇ ಬೇಕು ಅಂದವರು ನೀವೊಬ್ರೇ,” ಎಂದ ಏಜೆಂಟ್.

“ಎರಡು ಕಡೆ ವಿಮಾನ ಬದಲಾಯಿಸಿ, ಕಾಲು ಊದಿಸ್ಕೊಂಡು ಹೋಗಿ ಮಳೆ ನೋಡ್ಬೇಕಾ?” ಎಂದರು ತಂಗಿ. “ಬಚ್ಚಲಲ್ಲಿ ಶವರ್ ಕೆಳಗೆ ನಿಂತ್ಕೋ, ಅಕ್ಕಾ. ಬೇಕಿದ್ರೆ ಫ್ಯಾನ್ ನಾನು ಹಿಡೀತೀನಿ.”

“ಬಿಸಿಲಲ್ಲಿ ನೋಡಿದ್ರೆ ಅದು ಬರೀ ಚಂದದ ಊರು ಕಣೇ. ಚಂದದ್ದು ಕ್ಯಾಲೆಂಡರಲ್ಲೇ ಇದೆ.”

“ಹಾಗಾದ್ರೆ ಒಬ್ಬಳೇ ಹೋಗು.”

ಹೊರಡುವ ಆಸೆ ಅಲ್ಲಿಗೇ ಮುಗಿಯಿತೆಂದು ಅಕ್ಕನಿಗನ್ನಿಸಿತಂತೆ. ಗೆದ್ದದ್ದನ್ನು ಗಟ್ಟಿ ಮಾಡಿಕೊಳ್ಳಲು ತಂಗಿ ಅಲ್ಲಿನ ಹೋಟೆಲೊಂದಕ್ಕೆ ಫೋನು ಹಚ್ಚಿಸಿ, ಜೂನ್‌ನಲ್ಲಿ ಮಳೆಯಿಲ್ಲ ತಾನೇ ಎಂದು ತಾವೇ ಇಂಗ್ಲಿಷಿನಲ್ಲಿ ವಿಚಾರಿಸಿದರು. ಆ ಕಡೆಯಿಂದ ಮೊದಲು ಬಂದದ್ದು ನಗು. ಮಳೆ ಕಡಿಮೆಯಿರಬಹುದು, ಇಲ್ಲವೆಂದು ಮಾತು ಕೊಡಲಾರೆವು ಎಂಬ ಉತ್ತರ ಆಮೇಲೆ ಬಂತು.

“ಕೊಡೆ ಎಂಥದ್ದು ಕೇಳೇ,” ಎಂದು ಅಕ್ಕ ತಂಗಿಯ ಮೊಣಕೈ ತಿವಿದರು.

ತಂಗಿ ಕೇಳಿ, ಫೋನಿಟ್ಟು, ಅಕ್ಕನ ಮುಖ ನೋಡಿದರು. “ಗಾಳಿ ಜೋರಾದ್ರೆ ಅಲ್ಲಿ ಕೊಡೆನೇ ಹಿಡಿಯಲ್ವಂತೆ. ಎಲ್ರೂ ರೇನ್‌ಕೋಟಂತೆ. ಮುರಿದ ಕೊಡೆ ರಸ್ತೆ ಬದಿ ಕಸದ ಡಬ್ಬಿ ತುಂಬಾ ಇರುತ್ತಂತೆ. ಈಗ್ಲೂ ಹೋಗ್ಬೇಕಾ?”

ಅಕ್ಕ ಭೂಪಟದ ಕಡೆ ಕೈ ತೋರಿಸಿದರು. “ಕೊಡೆ ಸೋತಿರೋ ಊರು ಅಂದ್ಮೇಲೆ, ಹೇಗೆ ಸೋತಿತು ಅಂತ ನೋಡದೇ ಇರೋದು ಹೇಗೆ?”

ತಂಗಿಗೆ ನಗು ತಡೆಯಲಾಗಲಿಲ್ಲ. “ಜೂನ್‌ನಲ್ಲೂ ನೆನೆಯೋದೇ ಆದ್ರೆ ನಿನ್ನ ತಿಂಗಳಲ್ಲೇ ನೆನೆಯೋಣ ಬಿಡು. ಆದ್ರೆ ಕಿಟಕಿ ಸೀಟು ನಂದು.”

ಏಜೆಂಟನ ದಾಖಲೆಗೆ ಸೇರಿದ್ದು: ೨೦೨೩ರ ಮಾರ್ಚ್ ೧೧, ಶನಿವಾರ, ಅಕ್ಟೋಬರ್ ಪ್ರಯಾಣದ ಎರಡು ಟಿಕೆಟ್‌ಗಳು ಅಕ್ಕತಂಗಿಯರ ಹೆಸರಿಗೆ ಖಚಿತವಾದವು, ಕಿಟಕಿ ಪಕ್ಕದ ಸೀಟು ತಂಗಿಯದು.